ನಾಣ್ಯದ ಲೆಕ್ಕದಲ್ಲಿ ಭಿನ್ನರಾಶಿ ಬಂದರೆ ಮಗಳ ಕೈ ನಿಂತುಹೋಗುತ್ತದೆ, ಹೇಗೆ ಹೇಳಿಕೊಡಲಿ?

ಡೊಂಬಿವಲಿ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳು ಆರನೇ ಕ್ಲಾಸಿನಲ್ಲಿದ್ದಾಳೆ. ಭಿನ್ನರಾಶಿಯನ್ನು ಸುಮ್ನೆ ಅಂಕಿಯಲ್ಲಿ ಕೊಟ್ಟರೆ ಏನೂ ತೊಂದರೆ ಇಲ್ಲ. 2/5 ಮತ್ತು 1/3 ಕೂಡಿಸು ಅಂದರೆ ಪಟ್ ಅಂತ 11/15 ಅನ್ನುತ್ತಾಳೆ. ಅದನ್ನೇ ಡಬ್ಬಿ, ನಾಣ್ಯ, ಉಳಿದದ್ದು, ಮಿಕ್ಕಿದ್ದು ಅಂತ ನಾಲ್ಕು ಸಾಲಿನ ಮಾತಿನಲ್ಲಿ ಕೊಟ್ಟರೆ ಪೆನ್ಸಿಲ್ ಮುಂದೆ ಹೋಗುವುದಿಲ್ಲ. ಇಲ್ಲವೇ ಕಣ್ಣಿಗೆ ಬಿದ್ದ ಅಂಕಿಗಳನ್ನೆಲ್ಲ ಗುಣಿಸಿ, ಭಾಗಿಸಿ ಏನೋ ಒಂದು ಉತ್ತರ ತಂದು ನನ್ನ ಮುಂದೆ ಇಡುತ್ತಾಳೆ.

ನಿನ್ನೆ ಬಂದ ಲೆಕ್ಕ ಇದು. ಒಂದು ಡಬ್ಬಿಯಲ್ಲಿ 60 ನಾಣ್ಯಗಳಿವೆ. ಅವುಗಳಲ್ಲಿ 1/3 ಭಾಗ ಒಂದು ರೂಪಾಯಿಯವು. ಉಳಿದವುಗಳಲ್ಲಿ 2/5 ಭಾಗ ಎರಡು ರೂಪಾಯಿಯವು. ಮಿಕ್ಕಿದ್ದೆಲ್ಲ ಐದು ರೂಪಾಯಿಯವು. ಡಬ್ಬಿಯಲ್ಲಿ ಒಟ್ಟು ಎಷ್ಟು ಹಣ ಇದೆ?

ಅವಳ ಉತ್ತರ 148. ಪುಸ್ತಕದ ಹಿಂದೆ 172 ಅಂತ ಇದೆ. ಉತ್ತರ ನೋಡಿಕೊಂಡು ತಿದ್ದುವುದು ಕಷ್ಟವಲ್ಲ. ಆದರೆ ಮುಂದಿನ ಸಲ ಅಂಕಿ ಬದಲಾಗಿ ಬಂದರೆ ಮತ್ತೆ ಅದೇ ಕತೆ, ಅಲ್ವಾ?

ಇನ್ನೊಂದು ಲೆಕ್ಕವೂ ಹಾಗೇ ಬಾಕಿ ಇದೆ. ಎರಡು ರೂಪಾಯಿ ಮತ್ತು ಐದು ರೂಪಾಯಿಯ ನಾಣ್ಯಗಳು ಸೇರಿ 30 ಇವೆ, ಒಟ್ಟು ಹಣ 96 ರೂಪಾಯಿ, ಯಾವುದು ಎಷ್ಟು? ಪಕ್ಕದ ಬಿಲ್ಡಿಂಗಿನ ಹುಡುಗ ಎಕ್ಸ್, ವೈ ಹಾಕಿ ಎರಡು ಸಾಲಿನಲ್ಲಿ ಬಿಡಿಸಿ ತೋರಿಸಿದ. ಇವಳು ಅದನ್ನು ಹಾಗೇ ಬರೆದುಕೊಂಡಳು, ಅರ್ಥ ಮಾತ್ರ ಆಗಲಿಲ್ಲ. ಶಾಲೆಯಲ್ಲಿ ಸಮೀಕರಣ ಇನ್ನೂ ಅಲ್ಲಿವರೆಗೆ ಬಂದಿಲ್ಲ. ಸೂತ್ರ ಇಲ್ಲದೆ, ಅವಳ ತಲೆಯಲ್ಲಿ ನಿಲ್ಲುವ ಹಾಗೆ ಹೇಳಿಕೊಡುವ ದಾರಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬಿಡಿಸಿ ಬರೆಯಿರಿ.


ಚಿಂಚವಾಡದ ಟ್ಯೂಷನ್ ಟೀಚರ್:

ನಾನು ಇಲ್ಲಿ ಪುಣೆ ಕಡೆ ಐದರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತೇನೆ. ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಈ ತರಹದ ಲೆಕ್ಕ ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ.

ಮೊದಲು 148 ಎಲ್ಲಿಂದ ಬಂತು ಅಂತ ನೋಡಿ. ಅದು ಅಡ್ಡಾದಿಡ್ಡಿ ಉತ್ತರ ಅಲ್ಲವೇ ಅಲ್ಲ. ನಿಮ್ಮ ಮಗಳು 60ರಲ್ಲಿ 1/3 ತೆಗೆದು 20 ಅಂದಿದ್ದಾಳೆ, ಸರಿ. ಆಮೇಲೆ 2/5 ಅನ್ನೂ 60ರಲ್ಲೇ ತೆಗೆದಿದ್ದಾಳೆ, 24 ಬಂತು. 20 ಮತ್ತು 24 ಕಳೆದರೆ 16 ಉಳಿಯಿತು. ಒಂದು ರೂಪಾಯಿಯ 20, ಎರಡು ರೂಪಾಯಿಯ 24 ಅಂದರೆ 48 ರೂಪಾಯಿ, ಐದು ರೂಪಾಯಿಯ 16 ಅಂದರೆ 80 ರೂಪಾಯಿ. ಒಟ್ಟು 148. ಗುಣಾಕಾರ, ಕೂಡಿಸುವುದು, ಕಳೆಯುವುದು ಒಂದರಲ್ಲೂ ತಪ್ಪಿಲ್ಲ. ಬಿಟ್ಟುಹೋದ ಪ್ರಶ್ನೆ ಒಂದೇ: ಎರಡನೇ ಭಾಗ ಯಾವುದರ ಭಾಗ?

ಭಿನ್ನರಾಶಿಯ ಲೆಕ್ಕ ಮಾತಿನಲ್ಲಿ ಬಂದಾಗ ಮಕ್ಕಳು ಎಡವುವುದು ಬಹಳ ಸಲ ಇದೇ ಜಾಗದಲ್ಲಿ. 2/5 ಅನ್ನುವುದು ಒಂಟಿಯಾಗಿ ಯಾವ ಸಂಖ್ಯೆಯನ್ನೂ ಕೊಡುವುದಿಲ್ಲ. ಯಾವುದೋ ಒಂದರ 2/5 ಆದಾಗ ಮಾತ್ರ ಅದಕ್ಕೆ ಇಷ್ಟು ಅಂತ ಬೆಲೆ ಬರುತ್ತದೆ. ಅಂಕಿಯ ಲೆಕ್ಕದಲ್ಲಿ ಆ ‘ಯಾವುದೋ ಒಂದು’ ಕಾಣುವುದೇ ಇಲ್ಲ. ಹಾಗಾಗಿ ಅದನ್ನು ಕೇಳಿಕೊಳ್ಳುವ ಅಭ್ಯಾಸವೂ ಮಕ್ಕಳಿಗೆ ಬೆಳೆಯುವುದಿಲ್ಲ.

ನಾನು ಮಾಡಿಸುವುದು ಹೀಗೆ. ಪುಸ್ತಕದಲ್ಲಿ ಒಂದು ಉದ್ದ ಪಟ್ಟಿ ಎಳೆಯಲು ಹೇಳುತ್ತೇನೆ. ಅದೇ 60 ನಾಣ್ಯ. ಮೂರು ಸಮ ತುಂಡು ಮಾಡಬೇಕು, ಒಂದೊಂದರಲ್ಲಿ 20. ಮೊದಲನೇ ತುಂಡಿಗೆ ಗೆರೆ ಹಾಕಿ ‘ಒಂದು ರೂಪಾಯಿ’ ಅಂತ ಬರೆಯಬೇಕು. ಈಗ ಬಹಳ ಮುಖ್ಯವಾದ ಕೆಲಸ: ಉಳಿದ ಎರಡು ತುಂಡನ್ನು ಪಟ್ಟಿಯ ಕೆಳಗೆ ಹೊಸದಾಗಿ ಇನ್ನೊಂದು ಪಟ್ಟಿ ಮಾಡಿ ಇಳಿಸಬೇಕು, ಅದರ ಪಕ್ಕ 40 ಅಂತ ಬರೆಯಬೇಕು. ಈ ಹೊಸ ಪಟ್ಟಿಯನ್ನು ಐದು ತುಂಡು ಮಾಡಿದರೆ ಒಂದೊಂದರಲ್ಲಿ 8. ಎರಡು ತುಂಡು ಅಂದರೆ 16, ಅವು ಎರಡು ರೂಪಾಯಿಯವು. ಮೂರು ತುಂಡು 24, ಅವು ಐದು ರೂಪಾಯಿಯವು. 20 ರೂಪಾಯಿ, 32 ರೂಪಾಯಿ, 120 ರೂಪಾಯಿ. ಒಟ್ಟು 172.

ಒಂದೇ ಪಟ್ಟಿಯ ಮೇಲೆ ಎರಡೂ ಭಾಗ ಮಾಡಲು ಬಿಡಬೇಡಿ. ಮೂರು ತುಂಡಿನ ಗೆರೆಯ ಮೇಲೇ ಐದು ತುಂಡಿನ ಗೆರೆ ಎಳೆದರೆ ಮತ್ತೆ 60ರ 2/5 ಕ್ಕೇ ಹೋಗಿ ನಿಲ್ಲುತ್ತಾರೆ. ಪಟ್ಟಿ ಕೆಳಗೆ ಇಳಿದಾಗ ‘ಈಗ ನನ್ನ ಕೈಯಲ್ಲಿರುವುದು 40 ಮಾತ್ರ’ ಅನ್ನುವುದು ಕಣ್ಣಿಗೇ ಕಾಣುತ್ತದೆ. ಸ್ವಲ್ಪ ಅಭ್ಯಾಸ ಆದ ಮೇಲೆ ಪಟ್ಟಿ ಬೇಕಾಗುವುದಿಲ್ಲ, 2/3 ರ 2/5 ಅಂದರೆ 4/15, 60ರ 4/15 ಅಂದರೆ 16 ಅಂತ ನೇರವಾಗಿ ಬರುತ್ತಾರೆ. ಅದಕ್ಕೆ ಅವಸರ ಮಾಡಬೇಡಿ.

ಉತ್ತರ ಬಂದ ಮೇಲೆ ಅದನ್ನು ಲೆಕ್ಕದ ಮಾತಿಗೆ ಹಾಕಿ ಓದಿಸಿ. ‘60 ನಾಣ್ಯ, 20 ಒಂದು ರೂಪಾಯಿಯವು, ಉಳಿದ 40ರಲ್ಲಿ 24 ಎರಡು ರೂಪಾಯಿಯವು’ ಅಂತ ಅವಳೇ ಓದಿದ್ದರೆ, 40ರಲ್ಲಿ 24 ಅಂದರೆ 3/5 ಆಯಿತಲ್ಲ, ಲೆಕ್ಕದಲ್ಲಿ 2/5 ಅಂತಿದೆಯಲ್ಲ ಅಂತ ಅಲ್ಲೇ ಸಿಕ್ಕಿಬೀಳುತ್ತಿತ್ತು. ಕನಿಷ್ಠ 60 ರೂಪಾಯಿ, ಹೆಚ್ಚೆಂದರೆ 300 ರೂಪಾಯಿ ಇರಬಹುದು ಅನ್ನುವ ಅಂದಾಜೂ ಒಳ್ಳೆಯದೇ. ಆದರೆ ಇಲ್ಲಿ ಅದು ಸಾಕಾಗುವುದಿಲ್ಲ, 148 ಕೂಡ ಅದರ ನಡುವೆಯೇ ಬರುತ್ತದೆ.


ವಾಸ್ಕೋ ಮಾಸ್ತರು:

ಟೀಚರ್ ಹೇಳಿದ ಪಟ್ಟಿ ಮೊದಲನೇ ಲೆಕ್ಕಕ್ಕೆ ಚೆನ್ನಾಗಿದೆ. ಎರಡನೇ ಲೆಕ್ಕಕ್ಕೆ ಮಾತ್ರ ನಾನು ಪಟ್ಟಿಯನ್ನು ಬಿಟ್ಟು ನಿಜವಾದ ನಾಣ್ಯಗಳನ್ನೇ ಮೇಜಿನ ಮೇಲೆ ಹಾಕಿಸುತ್ತೇನೆ. ಇಲ್ಲಿ ವಾಸ್ಕೋ ಸುತ್ತ ನಮ್ಮ ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳು ಜಾಸ್ತಿ. ಅವರಲ್ಲಿ ಎಷ್ಟೋ ಮಕ್ಕಳು ಸಂಜೆ ಅಂಗಡಿಯಲ್ಲಿ, ತರಕಾರಿ ಗಾಡಿಯಲ್ಲಿ ಚಿಲ್ಲರೆ ಎಣಿಸಿ ಕೊಡುವವರು. ಗಿರಾಕಿಗೆ 37 ರೂಪಾಯಿ ವಾಪಸ್ ಕೊಡುವಾಗ ಒಂದು ರೂಪಾಯಿಯೂ ತಪ್ಪುವುದಿಲ್ಲ. ಅದೇ ಮಗು ಪುಸ್ತಕದ ಮುಂದೆ ಕೂತರೆ ಮಂಕಾಗುತ್ತದೆ. ಕೈಗೆ ಬರುವ ಲೆಕ್ಕವನ್ನು ಪುಸ್ತಕಕ್ಕೆ ಸೇರಿಸಿಕೊಡುವುದು ನಮ್ಮ ಕೆಲಸ ಅಂತ ನಾನು ನಂಬಿದ್ದೇನೆ.

30 ನಾಣ್ಯ, 96 ರೂಪಾಯಿ. ಮಗುವಿಗೆ ಹೇಳಿ, ಎಲ್ಲವೂ ಎರಡು ರೂಪಾಯಿಯವೇ ಅಂತ ಇಟ್ಟುಕೋ. ಎಷ್ಟಾಯಿತು? 60. ಬೇಕಾದದ್ದು 96. ಇನ್ನೂ 36 ಕಡಿಮೆ ಇದೆ. ಈಗ ಒಂದು ಎರಡು ರೂಪಾಯಿ ತೆಗೆದು ಅದೇ ಜಾಗದಲ್ಲಿ ಒಂದು ಐದು ರೂಪಾಯಿ ಇಡು. ನಾಣ್ಯಗಳ ಎಣಿಕೆ ಬದಲಾಯಿತೇ? ಇಲ್ಲ, 30 ಹಾಗೇ ಇದೆ. ಹಣ ಎಷ್ಟು ಹೆಚ್ಚಾಯಿತು? 3 ರೂಪಾಯಿ. ಇನ್ನೊಂದು ಬದಲಿಸು, ಮತ್ತೆ 3. ಹೀಗೆ 36 ತುಂಬಲು ಎಷ್ಟು ಸಲ ಬದಲಿಸಬೇಕು? 12 ಸಲ. ಹಾಗಾದರೆ ಐದು ರೂಪಾಯಿಯವು 12, ಎರಡು ರೂಪಾಯಿಯವು 18. ತಾಳೆ ನೋಡಿ, 60 ಮತ್ತು 36, ಒಟ್ಟು 96.

ಇಲ್ಲಿ ಮಕ್ಕಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ, 36 ಅನ್ನು 5 ರಿಂದ ಯಾಕೆ ಭಾಗಿಸಬಾರದು ಅಂತ. ಬಾಯಲ್ಲಿ ಎಷ್ಟು ವಿವರಿಸಿದರೂ ಇದು ಅರ್ಥವಾಗುವುದಿಲ್ಲ. ನಾಣ್ಯ ಬದಲಿಸಿ ನೋಡಿದರೆ ತಕ್ಷಣ ಆಗುತ್ತದೆ, ಐದು ಒಳಗೆ ಬರಬೇಕಾದರೆ ಎರಡು ಹೊರಗೆ ಹೋಗಲೇಬೇಕು ಅಂತ ಕೈಯೇ ಹೇಳಿಕೊಡುತ್ತದೆ.

ಇನ್ನೊಂದು ಉಪಯೋಗ ಇದೆ. 96ರ ಬದಲು 97 ಅಂತ ಕೊಟ್ಟಿದ್ದರೆ? 37 ತುಂಬಬೇಕು, ಮೂರು ಮೂರರ ಹೆಜ್ಜೆಯಲ್ಲಿ 37 ಸಿಗುವುದಿಲ್ಲ. ಅಂದರೆ ಅಂಥ 30 ನಾಣ್ಯ ಇರಲು ಸಾಧ್ಯವೇ ಇಲ್ಲ. ಸಮೀಕರಣ ಹಾಕಿದ ಮಗು 37/3 ಅಂತ ಬರೆದು ಮುಂದಕ್ಕೆ ಹೋಗಿಬಿಡುತ್ತದೆ. ನಾಣ್ಯ ಬದಲಿಸಿದ ಮಗು ‘ಸರ್, ಈ ಲೆಕ್ಕವೇ ತಪ್ಪಾಗಿದೆ’ ಅನ್ನುತ್ತದೆ. ಸಮೀಕರಣ ಬೇಡ ಅಂತ ಹೇಳುತ್ತಿಲ್ಲ. ಏಳನೇ ಕ್ಲಾಸಿನಲ್ಲಿ ಅದು ಬಂದಾಗ, ಈ ಬದಲಿಸುವ ಆಟವನ್ನೇ ಚಿಕ್ಕದಾಗಿ ಬರೆಯುವ ರೀತಿ ಅದು ಅಂತ ತೋರಿಸಿದರೆ ಮಕ್ಕಳಿಗೆ ಹೆದರಿಕೆ ಇರುವುದಿಲ್ಲ.


ಮಾಟುಂಗಾ ಹಿರಿಯರು (ನಿವೃತ್ತ ಕ್ಯಾಶಿಯರ್):

ಇಬ್ಬರೂ ಸರಿಯಾಗಿ ಬರೆದಿದ್ದೀರಿ, ಓದಿ ಸಂತೋಷವಾಯಿತು. ಬ್ಯಾಂಕಿನ ಕೌಂಟರಿನಲ್ಲಿ ಜೀವಮಾನ ಕಳೆದವನು ನಾನು. ಉಡುಪಿ ಹೋಟೆಲಿನವರು ಚಿಲ್ಲರೆ ಚೀಲ ತಂದು ಸುರಿದರೆ ಎಣಿಸಿ ಕಟ್ಟು ಕಟ್ಟುವುದೇ ದೊಡ್ಡ ಕೆಲಸ ಆಗಿತ್ತು. ಆ ಅನುಭವದಿಂದ ಒಂದು ಮಾತು ಸೇರಿಸುತ್ತೇನೆ.

ನಾಣ್ಯಗಳ ಲೆಕ್ಕದಲ್ಲಿ ಎರಡು ಎಣಿಕೆ ಒಟ್ಟಿಗೆ ನಡೆಯುತ್ತಿರುತ್ತವೆ. ಎಷ್ಟು ಬಿಲ್ಲೆ ಅನ್ನುವುದು ಒಂದು, ಎಷ್ಟು ರೂಪಾಯಿ ಅನ್ನುವುದು ಇನ್ನೊಂದು. ‘ಯಾವುದರ ಭಾಗ’ ಅನ್ನುವ ಟೀಚರ್ ಪ್ರಶ್ನೆಗೆ ಇಲ್ಲಿ ಇನ್ನೂ ಒಂದು ಮಡಿಕೆ ಇದೆ. 1/3 ಅಂದರೆ ನಾಣ್ಯಗಳಲ್ಲಿ 1/3 ಓ, ಹಣದಲ್ಲಿ 1/3 ಓ? ನಿಮ್ಮ ಮಗಳ ಲೆಕ್ಕದಲ್ಲೇ ನೋಡಿ. ಒಂದು ರೂಪಾಯಿಯವು ಎಣಿಕೆಯಲ್ಲಿ 60ಕ್ಕೆ 20, ಅಂದರೆ ಮೂರರಲ್ಲಿ ಒಂದು ಪಾಲು. ಹಣದಲ್ಲಿ 172ಕ್ಕೆ 20, ಎಂಟರಲ್ಲಿ ಒಂದು ಪಾಲೂ ಆಗುವುದಿಲ್ಲ. ನಾಣ್ಯ ಅವೇ, ಡಬ್ಬಿ ಅದೇ, ಭಾಗ ಮಾತ್ರ ಬೇರೆ.

ಪರೀಕ್ಷೆಯಲ್ಲಿ ಇದನ್ನೇ ತಿರುಗಿಸಿ ಕೇಳುತ್ತಾರೆ. ಒಂದು ಚೀಲದಲ್ಲಿರುವ ಹಣದ ಅರ್ಧ ಐದು ರೂಪಾಯಿಯ ನಾಣ್ಯಗಳಲ್ಲಿದೆ, ಕಾಲು ಭಾಗ ಎರಡು ರೂಪಾಯಿಯಲ್ಲಿ, ಉಳಿದ ಕಾಲು ಒಂದು ರೂಪಾಯಿಯಲ್ಲಿ. ಒಟ್ಟು 57 ನಾಣ್ಯ ಇವೆ, ಹಣ ಎಷ್ಟು? ಇಲ್ಲಿ 57ರ ಅರ್ಧ ತೆಗೆದರೆ ಇಪ್ಪತ್ತೆಂಟೂವರೆ ನಾಣ್ಯ ಬರುತ್ತದೆ. ಅರ್ಧ ನಾಣ್ಯ ಯಾರ ಹತ್ತಿರ ಇರುತ್ತದೆ? ಅಲ್ಲೇ ನಿಲ್ಲಬೇಕು.

ಸುಲಭದ ದಾರಿ, ಯಾವುದಾದರೂ ಒಳ್ಳೆಯ ಮೊತ್ತ ಹಿಡಿದು ನೋಡುವುದು. 40 ರೂಪಾಯಿ ಹಿಡಿಯೋಣ. ಯಾಕೆ 40? ಅದರ ಅರ್ಧ 20, ಐದರಿಂದ ಹೋಗುತ್ತದೆ. ಅದರ ಕಾಲು 10, ಎರಡರಿಂದ ಹೋಗುತ್ತದೆ. 20 ರೂಪಾಯಿಗೆ ಐದರ ನಾಣ್ಯ 4, 10 ರೂಪಾಯಿಗೆ ಎರಡರ ನಾಣ್ಯ 5, ಇನ್ನು 10 ರೂಪಾಯಿಗೆ ಒಂದರ ನಾಣ್ಯ 10. ಒಟ್ಟು 19 ನಾಣ್ಯ. ನಮಗೆ ಬೇಕಾದದ್ದು 57, ಅಂದರೆ 19ರ ಮೂರು ಪಟ್ಟು. ಹಾಗಾದರೆ ಹಣವೂ ಮೂರು ಪಟ್ಟು, 120 ರೂಪಾಯಿ. ಐದರವು 12, ಎರಡರವು 15, ಒಂದರವು 30. ಕೂಡಿಸಿ ನೋಡಿ, 57.

57 ನಾಣ್ಯಗಳಲ್ಲಿ ಬರೀ 12 ನಾಣ್ಯ ಅರ್ಧ ಹಣವನ್ನು ಹೊತ್ತುಕೊಂಡಿವೆ! ಇದನ್ನು ಮಗುವಿಗೆ ತೋರಿಸಿ, ಬಿಲ್ಲೆಯ ಎಣಿಕೆ ಬೇರೆ, ರೂಪಾಯಿಯ ಎಣಿಕೆ ಬೇರೆ ಅಂತ ಮತ್ತೆ ಹೇಳಬೇಕಾಗುವುದಿಲ್ಲ. ಪ್ರತಿ ಲೆಕ್ಕಕ್ಕೂ ಪುಸ್ತಕದಲ್ಲಿ ಮೂರು ಕಾಲಂ ಹಾಕಿಸಿ: ಯಾವ ನಾಣ್ಯ, ಎಷ್ಟು ನಾಣ್ಯ, ಎಷ್ಟು ರೂಪಾಯಿ. ಬ್ಯಾಂಕಿನಲ್ಲಿ ಹಣ ಕಟ್ಟುವ ಚೀಟಿಯ ಹಿಂದೆಯೂ ಇದೇ ತರಹದ ಕಾಲಂ ಇರುತ್ತದೆ, ಒಂದು ಚೀಟಿ ತಂದು ಕೊಟ್ಟರೂ ಆಯಿತು. ಲೆಕ್ಕ ಹೇಳಿದ ಭಾಗ ಯಾವ ಕಾಲಮ್ಮಿನದು ಅಂತ ಮೊದಲು ಬೆರಳಿಟ್ಟು ತೋರಿಸಿದ ಮೇಲೆಯೇ ಪೆನ್ಸಿಲ್ ಹಿಡಿಯಬೇಕು.

ಅನುಪಾತದ ಲೆಕ್ಕಕ್ಕೂ ಇದೇ ಕಾಲಂ ಸಾಕು. ಒಂದು, ಎರಡು, ಐದು ರೂಪಾಯಿಯ ನಾಣ್ಯಗಳು 3:2:1 ರಂತೆ ಇವೆ, ಒಟ್ಟು 180 ರೂಪಾಯಿ ಅಂದರೆ, ಒಂದು ಕಟ್ಟು ಮಾಡಿ. ಮೂರು ಒಂದರವು, ಎರಡು ಎರಡರವು, ಒಂದು ಐದರದು. ಕಟ್ಟಿನ ಬೆಲೆ 3, 4, 5 ಸೇರಿ 12 ರೂಪಾಯಿ. 180ಕ್ಕೆ ಇಂಥ 15 ಕಟ್ಟು. ಮುಗಿಯಿತು.

ಸ್ವಲ್ಪ ಹಳೆಯ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 1957ರ ಏಪ್ರಿಲ್ 1ಕ್ಕೆ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ ಇತ್ತು. ಆಗ ಭಿನ್ನರಾಶಿಯನ್ನು ಬೇರೆಯಾಗಿ ಕಲಿಯಬೇಕಾಗಿರಲಿಲ್ಲ, ಅದು ಜೇಬಿನಲ್ಲೇ ಇರುತ್ತಿತ್ತು. ಎರಡಾಣೆ ಅಂದರೆ 1/8, ಪಾವಲಿ ಅಂದರೆ 1/4, ಎಂಟಾಣೆ ಅಂದರೆ ಅರ್ಧ, ಹನ್ನೆರಡಾಣೆ ಅಂದರೆ ಮುಕ್ಕಾಲು. ರೂಪಾಯಿಯನ್ನು ಮೂವರಿಗೆ ಹಂಚಿದರೆ ಒಬ್ಬೊಬ್ಬರಿಗೆ ಸರಿಯಾಗಿ 5 ಆಣೆ 4 ಪೈ, ಏನೂ ಉಳಿಯುವುದಿಲ್ಲ. 100 ಪೈಸೆಯನ್ನು ಮೂವರಿಗೆ ಹಂಚಿ ನೋಡಿ, 33 ಕೊಟ್ಟು ಒಂದು ಪೈಸೆ ಕೈಯಲ್ಲೇ ಉಳಿಯುತ್ತದೆ. ಹಾಗಂತ ಹಳೆಯದೇ ಮೇಲು ಅಂತಲ್ಲ. ಐವರಿಗೆ ಹಂಚಲು 100 ಒಳ್ಳೆಯದು, 192 ಆಗುವುದಿಲ್ಲ. ಯಾವ ಸಂಖ್ಯೆ ಯಾವುದರಿಂದ ಪೂರ್ತಿ ಹೋಗುತ್ತದೆ ಅನ್ನುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.


ಧಾರವಾಡದವ, ಈಗ ಪುಣೆ:

‘ಉಳಿದದ್ದರಲ್ಲಿ ಇಷ್ಟು ಭಾಗ, ಮತ್ತೆ ಉಳಿದದ್ದರಲ್ಲಿ ಇಷ್ಟು’ ಅನ್ನುವ ಲೆಕ್ಕ ನಮ್ಮಲ್ಲಿ ತುಂಬಾ ಹಳೆಯದು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಇದನ್ನು ಒಂದು ಬೇರೆ ಜಾತಿಯ ಲೆಕ್ಕ ಅಂತಲೇ ಇಟ್ಟಿದ್ದಾರೆ, ಶೇಷಜಾತಿ ಅಂತ ಅದರ ಹೆಸರು. ಅಂದರೆ ಸಾವಿರದ ನೂರು ವರ್ಷಕ್ಕೂ ಹಿಂದೆಯೇ, ಪೂರ್ತಿಯ ಭಾಗ ಬೇರೆ, ಉಳಿದದ್ದರ ಭಾಗ ಬೇರೆ, ಎರಡನ್ನೂ ಬೇರೆ ಬೇರೆಯಾಗಿ ಕಲಿಸಬೇಕು ಅಂತ ಅವರಿಗೆ ಅನಿಸಿತ್ತು. ಮಕ್ಕಳಿಗೆ ಇದನ್ನು ಹೇಳಿ. ತಾವು ಎಡವಿದ ಜಾಗ ನಿಜವಾಗಿಯೂ ಕಷ್ಟದ ಜಾಗ ಅಂತ ಗೊತ್ತಾದರೆ ಧೈರ್ಯ ಬರುತ್ತದೆ.

ಹಿಂದಿನಿಂದ ಬರುವ ಲೆಕ್ಕವನ್ನೂ ಮಾಡಿಸಿ. ಡಬ್ಬಿಯ ನಾಣ್ಯಗಳಲ್ಲಿ 1/4 ತೆಗೆದೆ, ಉಳಿದದ್ದರಲ್ಲಿ 1/3 ತೆಗೆದೆ, ಈಗ 18 ಉಳಿದಿವೆ, ಮೊದಲು ಎಷ್ಟಿದ್ದವು? ಎರಡನೇ ಸಲ 1/3 ಹೋದ ಮೇಲೆ ಉಳಿದದ್ದು ಎರಡು ತುಂಡು, ಅದು 18, ಒಂದು ತುಂಡು 9, ಮೂರು ತುಂಡು 27. ಆ 27 ಅನ್ನುವುದು ಮೊದಲನೆಯದರ ಮೂರು ಕಾಲು ಭಾಗ. ಒಂದು ಕಾಲು 9, ನಾಲ್ಕು ಕಾಲು 36. ಮುಂದಿನಿಂದ ಮತ್ತೆ ಮಾಡಿ ತಾಳೆ ನೋಡಲಿ: 36ರಲ್ಲಿ 9 ಹೋಯಿತು 27, ಅದರಲ್ಲಿ 9 ಹೋಯಿತು 18. ಮೊದಲು ತೆಗೆದದ್ದೂ 9, ಆಮೇಲೆ ತೆಗೆದದ್ದೂ 9, ಆದರೆ ಒಂದು 1/4, ಇನ್ನೊಂದು 1/3. ಇದು ಕಂಡಾಗ ಮಗುವಿನ ಮುಖ ನೋಡಬೇಕು.


ಡೊಂಬಿವಲಿ ಅಮ್ಮ:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಬಿಡಿಸಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಪಟ್ಟಿ ಕೆಳಗೆ ಇಳಿಸುವುದನ್ನು ತೋರಿಸಿದ ಕೂಡಲೇ ‘ಓ, 40ರಲ್ಲಿ!’ ಅಂದಳು. 57 ನಾಣ್ಯದ ಲೆಕ್ಕವನ್ನು ಅಪ್ಪನಿಗೂ ಕೊಟ್ಟು ಕೂರಿಸಿದ್ದಾಳೆ. ನಾಣ್ಯ ಬದಲಿಸುವ ಆಟವಂತೂ ಅವಳಿಗೆ ತುಂಬಾ ಹಿಡಿಸಿದೆ.

ಈಗ ಇನ್ನೊಂದು ಪ್ರಶ್ನೆ ಹುಟ್ಟಿಕೊಂಡಿದೆ. ಮುಂಬೈಗೆ ಹೋದಾಗ ಬೆಸ್ಟ್ ಎಸಿ ಬಸ್ಸಿನಲ್ಲಿ ಕನಿಷ್ಠ ಟಿಕೆಟ್ 12 ರೂಪಾಯಿ, ಕಳೆದ 2025ರ ಮೇ ತಿಂಗಳಲ್ಲಿ 6ರಿಂದ 12 ಮಾಡಿದರಲ್ಲ. ಒಂದು, ಎರಡು, ಐದು ರೂಪಾಯಿಯ ನಾಣ್ಯಗಳಿಂದ 12 ರೂಪಾಯಿಯನ್ನು ಎಷ್ಟು ರೀತಿ ಕೊಡಬಹುದು ಅಂತ ಅವಳೇ ಕೇಳಿಕೊಂಡು ಬರೆಯಲು ಶುರು ಮಾಡಿದಳು. ಒಂದು ಸಲ 9 ಬರುತ್ತದೆ, ಇನ್ನೊಂದು ಸಲ 11. ಎಲ್ಲ ಬಂತೋ, ಇನ್ನೂ ಬಿಟ್ಟುಹೋಗಿದೆಯೋ ಅಂತ ತಿಳಿಯುವುದು ಹೇಗೆ?


ಚಿಂಚವಾಡದ ಟ್ಯೂಷನ್ ಟೀಚರ್:

ಮಗು ತಾನೇ ಪ್ರಶ್ನೆ ಹುಟ್ಟಿಸಿಕೊಂಡಿದೆ ಅಂದರೆ ಅರ್ಧ ದಾರಿ ಬಂದ ಹಾಗೆ!

ಮನಸ್ಸಿಗೆ ಬಂದಂತೆ ಬರೆದರೆ ಬಿಟ್ಟುಹೋಗುವುದು ಖಂಡಿತ. ಯಾವಾಗಲೂ ದೊಡ್ಡ ನಾಣ್ಯದಿಂದ ಶುರು ಮಾಡಿ, ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಉಳಿದದ್ದನ್ನು ನೋಡಬೇಕು. ಐದರ ನಾಣ್ಯ ಎರಡು ಇಟ್ಟರೆ ಇನ್ನು 2 ರೂಪಾಯಿ ಬೇಕು. ಅದನ್ನು ಎರಡರ ಒಂದು ನಾಣ್ಯದಿಂದ ಕೊಡಬಹುದು, ಇಲ್ಲವೇ ಎರಡರ ನಾಣ್ಯವೇ ಇಲ್ಲದೆ ಒಂದರ ಎರಡರಿಂದ. ಅಲ್ಲಿಗೆ 2 ರೀತಿ. ಐದರ ನಾಣ್ಯ ಒಂದೇ ಇಟ್ಟರೆ 7 ಬೇಕು. ಎರಡರ ನಾಣ್ಯ ಸೊನ್ನೆ, ಒಂದು, ಎರಡು, ಮೂರು, ಹೀಗೆ 4 ರೀತಿ. ಐದರದು ಒಂದೂ ಇಲ್ಲದಿದ್ದರೆ 12 ಪೂರ್ತಿ ಬೇಕು. ಎರಡರ ನಾಣ್ಯ ಸೊನ್ನೆಯಿಂದ ಆರರವರೆಗೆ, 7 ರೀತಿ. ಒಟ್ಟು 13.

ಗಮನಿಸಿ, ಒಂದರ ನಾಣ್ಯವನ್ನು ನಾವು ಎಣಿಸಲೇ ಇಲ್ಲ. ಐದು ಎಷ್ಟು, ಎರಡು ಎಷ್ಟು ಅಂತ ಗೊತ್ತಾದರೆ ಒಂದು ಎಷ್ಟು ಅನ್ನುವುದು ತಾನಾಗಿ ತೀರ್ಮಾನ ಆಗುತ್ತದೆ. ಮಕ್ಕಳು ಮೂರನ್ನೂ ಒಟ್ಟಿಗೆ ಹುಡುಕಲು ಹೋಗಿ ಸುಸ್ತಾಗುವುದು ಇಲ್ಲೇ. ಹತ್ತು ರೂಪಾಯಿಯ ನಾಣ್ಯವನ್ನೂ ಸೇರಿಸಿದರೆ ಇನ್ನೆರಡು ರೀತಿ ಹೆಚ್ಚಾಗಿ 15 ಆಗುತ್ತದೆ.


ವಾಸ್ಕೋ ಮಾಸ್ತರು:

13 ಸರಿ. ಆದರೆ ಒಂದು ಷರತ್ತು ಮಗುವಿಗೆ ಬಿಡಿಸಿ ಹೇಳಬೇಕು. ಎಲ್ಲ ನಾಣ್ಯವನ್ನೂ ಒಂದೇ ಮುಷ್ಟಿಯಲ್ಲಿ ಕಂಡಕ್ಟರ್ ಕೈಗೆ ಇಟ್ಟರೆ 13 ರೀತಿ. ಒಂದೊಂದಾಗಿ ಕೊಡುತ್ತಾ, ಮೊದಲು ಐದು ಆಮೇಲೆ ಎರಡು ಅನ್ನುವುದನ್ನೂ ಮೊದಲು ಎರಡು ಆಮೇಲೆ ಐದು ಅನ್ನುವುದನ್ನೂ ಬೇರೆ ಬೇರೆ ಅಂತ ಹಿಡಿದರೆ ಅದೇ 12 ರೂಪಾಯಿಗೆ 372 ರೀತಿ ಬರುತ್ತದೆ. ಅದನ್ನು ಪಟ್ಟಿ ಮಾಡಿ ಮುಗಿಸಲು ಆಗುವುದಿಲ್ಲ, ಬೇರೆ ಉಪಾಯ ಬೇಕು. ಕೊನೆಗೆ ಕೊಟ್ಟ ನಾಣ್ಯ ಒಂದಾದರೆ ಅದಕ್ಕೆ ಮುಂಚೆ 11 ಕೊಟ್ಟಿರಬೇಕು, ಎರಡಾದರೆ 10, ಐದಾದರೆ 7. ಹಾಗಾಗಿ 12ರ ಉತ್ತರ ಅಂದರೆ 11, 10, 7 ರ ಉತ್ತರಗಳ ಮೊತ್ತ. 1 ರೂಪಾಯಿಯಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಹತ್ತುತ್ತಾ ಬಂದರೆ 1, 2, 3, 5, 9, 15, 26, 44, 75, 128, 218, 372. ಐದನೇ ಮೆಟ್ಟಿಲಲ್ಲಿ 5 ಮತ್ತು 3 ಸೇರಿ 8 ಆಗಬೇಕಿತ್ತಲ್ಲ, 9 ಯಾಕೆ ಅಂತ ಕೇಳಿಯೇ ಕೇಳುತ್ತಾಳೆ. ಆ ಹೆಚ್ಚಿನ ಒಂದು, ಐದು ರೂಪಾಯಿಯ ಒಂದೇ ನಾಣ್ಯ ಕೊಟ್ಟು ಮುಗಿಸುವ ರೀತಿ.


ಮಾಟುಂಗಾ ಹಿರಿಯರು (ನಿವೃತ್ತ ಕ್ಯಾಶಿಯರ್):

ಅವಳಿಗೆ ಇಷ್ಟು ಆಸಕ್ತಿ ಇದ್ದರೆ ಇದನ್ನೂ ಕೊಡಿ. ಎಷ್ಟು ರೀತಿ ಅನ್ನುವುದು ಆಯಿತು, ಅತಿ ಕಡಿಮೆ ನಾಣ್ಯಗಳಲ್ಲಿ ಕೊಡುವುದು ಹೇಗೆ? ನಾವು ಕೌಂಟರಿನಲ್ಲಿ ಮಾಡುತ್ತಿದ್ದದ್ದು ಸರಳ, ಹಿಡಿಸುವಷ್ಟು ದೊಡ್ಡ ನಾಣ್ಯ ಮೊದಲು, ಆಮೇಲೆ ಅದಕ್ಕಿಂತ ಚಿಕ್ಕದು. ಈಗ ಚಲಾವಣೆಯಲ್ಲಿರುವ 1, 2, 5, 10, 20 ರೂಪಾಯಿಗಳಿಗೆ ಈ ಕ್ರಮ ಯಾವ ಮೊತ್ತಕ್ಕೂ ತಪ್ಪುವುದಿಲ್ಲ. 38 ಅಂದರೆ 20, 10, 5, 2, 1. ಐದು ನಾಣ್ಯ, ಅದಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲ.

ಆದರೆ ಇದು ಎಲ್ಲ ಕಾಲಕ್ಕೂ ನಿಜ ಆಗಿರಲಿಲ್ಲ. 1968ರಲ್ಲಿ 20 ಪೈಸೆಯ ನಾಣ್ಯ ಬಂತು, ಹಿತ್ತಾಳೆ ಬಣ್ಣದ್ದು. ಅದರ ಜೊತೆಗೇ 25 ಪೈಸೆಯೂ ನಡೆಯುತ್ತಿತ್ತು. 25 ಮತ್ತು ಅದಕ್ಕಿಂತ ಕೆಳಗಿನವು ಚಲಾವಣೆಯಿಂದ ಹೋದದ್ದು 2011ರ ಜೂನ್ 30ಕ್ಕೆ, 50 ಪೈಸೆ ಮಾತ್ರ ಕಾನೂನಿನ ಪ್ರಕಾರ ಇಂದಿಗೂ ನಡೆಯುತ್ತದೆ. ಈಗ 40 ಪೈಸೆ ಕೊಡಬೇಕು ಅಂತ ಇಟ್ಟುಕೊಳ್ಳಿ. ದೊಡ್ಡದು ಮೊದಲು ಅಂತ ಹೋದರೆ 25, 10, 5 ಅಂತ ಮೂರು ನಾಣ್ಯ. ಆದರೆ 20ರ ಎರಡು ನಾಣ್ಯ ಕೊಟ್ಟರೆ ಎರಡರಲ್ಲೇ ಮುಗಿಯುತ್ತದೆ! 25 ಕೊಟ್ಟರೆ ಉಳಿಯುವ 15ಕ್ಕೆ ಒಂದೇ ನಾಣ್ಯ ಇಲ್ಲ, 20 ಕೊಟ್ಟರೆ ಉಳಿಯುವ 20ಕ್ಕೆ ಇದೆ, ಅದಕ್ಕೇ ಈ ತೊಡಕು ಬರುವುದು. ಪಾವಲಿ ಕಂಡ ಕೂಡಲೇ ಕೈ ಅದರ ಕಡೆಗೇ ಹೋಗುತ್ತದೆ, ಆಮೇಲೆ ಉಳಿದ 15 ಪೈಸೆಗೆ ಚಿಕ್ಕ ನಾಣ್ಯ ಹುಡುಕಬೇಕು.

50, 25, 20, 10, 5 ಪೈಸೆ ಇದ್ದಾಗ ಒಂದು ರೂಪಾಯಿಯ ಒಳಗೆ ಹೀಗೆ ಆಗುವ ಇನ್ನೊಂದು ಮೊತ್ತ ಇದೆ, 5 ಪೈಸೆಯ ಹೆಜ್ಜೆಯಲ್ಲಿ ಹೋದರೆ ಸಿಗುತ್ತದೆ. ಅವಳು ಹುಡುಕಲಿ, ಉತ್ತರವನ್ನು ನಿಮಗೆ ಮಾತ್ರ ಹೇಳುತ್ತೇನೆ: 90 ಪೈಸೆ. ದೊಡ್ಡದು ಮೊದಲು ಅಂದರೆ 50, 25, 10, 5, ನಾಲ್ಕು ನಾಣ್ಯ. 50, 20, 20 ಅಂದರೆ ಮೂರೇ.